ಫಿಡ್ಲರ್ ಆನ್ ದ ರೂಫ್: ತೆರೆ ಏಳುವ ಮುಂಚೆ ಆರು ವಾರ ನಮ್ಮೂರಲ್ಲಿ ನಡೆದಿದ್ದು

ಹೊಲಿಗೆಪೆಟ್ಟಿಗೆ | ಭಾನುವಾರ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕದ ಒಂದು ಊರಲ್ಲಿ. ಇಲ್ಲಿನ ಹವ್ಯಾಸಿ ತಂಡ ಈ ನವೆಂಬರಿನಲ್ಲಿ ‘ಫಿಡ್ಲರ್ ಆನ್ ದ ರೂಫ್’ ಆಡುತ್ತಿದೆ. ಮಗಳಿಗೆ ಬೀಲ್ಕೆ ಪಾತ್ರ. ಐದು ಹೆಣ್ಣುಮಕ್ಕಳಲ್ಲಿ ಕೊನೆಯವಳು. ಮಾತು ಬೆರಳಲ್ಲಿ ಎಣಿಸುವಷ್ಟು, ಓಡಾಟ ಮಾತ್ರ ಜಾಸ್ತಿ. ಮಕ್ಕಳನ್ನು ಸೇರಿಸಿದ ಅಪ್ಪ ಅಮ್ಮಂದಿರೂ ಏನಾದರೂ ಕೆಲಸ ಮಾಡಬೇಕು ಅನ್ನುವುದು ತಂಡದ ನಿಯಮ. ನನಗೆ ಹೊಲಿಗೆ ಬರುತ್ತೆ ಅಂದೆ. ಅಲ್ಲಿಗೆ ಮುಗೀತು. ತಲೆಗೆ ಕಟ್ಟುವ ವಸ್ತ್ರ ಇಪ್ಪತ್ತಾರು, ಏಪ್ರನ್ ಹದಿನಾಲ್ಕು, ಮದುವೆಯ ಚಪ್ಪರದ ಬಟ್ಟೆ ಒಂದು.

ನಾಟಕ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. 1905, ರಷ್ಯಾ ಚಕ್ರವರ್ತಿಯ ಕಾಲ. ಅನಾಟೆವ್ಕಾ ಅನ್ನುವ ಕಲ್ಪನೆಯ ಹಳ್ಳಿ. ತೆವ್ಯೆ ಅನ್ನುವ ಯಹೂದಿ ಹಾಲಿನವನು. ಕುದುರೆ ಕುಂಟುತ್ತೆ, ಹೆಂಡತಿ ಗೋಲ್ಡೆ ಬೈಯುತ್ತಾಳೆ, ಇವನು ದೇವರ ಜೊತೆ ಜಗಳ ಆಡುತ್ತಾನೆ. ದೊಡ್ಡ ಮಗಳು ಬಡ ದರ್ಜಿಯನ್ನು ಮದುವೆ ಆಗುತ್ತೇನೆ ಅನ್ನುತ್ತಾಳೆ. ಎರಡನೆಯವಳು ಕ್ರಾಂತಿ ಮಾಡುವ ಹುಡುಗನ ಹಿಂದೆ ಸೈಬೀರಿಯಾಕ್ಕೆ ಹೊರಡುತ್ತಾಳೆ. ಮೂರನೆಯವಳು ಧರ್ಮದ ಹೊರಗಿನ ರಷ್ಯನ್ ಹುಡುಗನ ಕೈ ಹಿಡಿಯುತ್ತಾಳೆ. ಕೊನೆಗೆ ಸರ್ಕಾರದ ಹುಕುಂ ಬರುತ್ತೆ. ಮೂರು ದಿನದಲ್ಲಿ ಊರು ಖಾಲಿ ಮಾಡಬೇಕು.

ನಾನು ಬರೆಯಲು ಕೂತಿದ್ದು ನಾಟಕದ ಬಗ್ಗೆ ಅಲ್ಲ. ಅದಕ್ಕಿಂತ ಮುಂಚಿನ ಆರು ವಾರದ ಬಗ್ಗೆ. ತಂಡದವರು, ಪಕ್ಕದ ಯಹೂದಿ ಪ್ರಾರ್ಥನಾಮಂದಿರವಾದ ಸಿನಗಾಗ್‌ನವರು, ಊರಿನ ಲೈಬ್ರರಿಯವರು ಸೇರಿ ವಾರಕ್ಕೊಂದು ಕಾರ್ಯಕ್ರಮ ಇಟ್ಟಿದ್ದರು. ಒಂದು ವಾರ ಬ್ರೆಡ್ ಮಾಡುವುದು, ಇನ್ನೊಂದು ವಾರ ಕ್ಲೆಜ್ಮರ್ ಸಂಗೀತ, ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮದುವೆಮನೆ ಸಂಗೀತ, ಪಿಟೀಲು ಕ್ಲಾರಿನೆಟ್ ಎಲ್ಲ ಇರುತ್ತೆ. ಒಂದು ವಾರ ವಯಸ್ಸಾದವರು ಕೂತು ತಾವು ಈ ದೇಶಕ್ಕೆ ಬಂದ ಕಥೆ ಹೇಳಿದರು. ನಮ್ಮ ಕನ್ನಡ ಕೂಟದಲ್ಲೂ ವರ್ಷಕ್ಕೊಂದು ನಾಟಕ ಆಗುತ್ತೆ. ಆರಕ್ಕೆ ಅಂತ ಹೇಳಿ ಏಳೂಕಾಲಿಗೆ ತೆರೆ ಏಳುತ್ತೆ, ಒಂಬತ್ತಕ್ಕೆ ಊಟದ ಸಾಲು, ಹತ್ತಕ್ಕೆ ಕಾರ್ ಪಾರ್ಕಿಂಗ್ ಖಾಲಿ. ನಾವೂ ಹೀಗೆ ಮಾಡಬಹುದಾ ಅನ್ನುವುದು ನನ್ನ ಪ್ರಶ್ನೆ.

ಕಾಫಿಪುಡಿ | ಭಾನುವಾರ

ಮೇಡಂ, ತಪ್ಪು ತಿಳಿಯಬೇಡಿ. ನಾಟಕ ಚೆನ್ನಾಗಿದ್ದರೆ ಸಾಕಲ್ವಾ? ಅದಕ್ಕೆ ಬ್ರೆಡ್ ಯಾಕೆ ಸುಡಬೇಕು? ನಾವು ಹಳ್ಳಿ ನಾಟಕ ಆಡುವ ಮುಂಚೆ ಪ್ರೇಕ್ಷಕರಿಗೆ ರಾಗಿ ಮುದ್ದೆ ಕಟ್ಟೋದು ಕಲಿಸ್ತೀವಾ?

ಹೊಲಿಗೆಪೆಟ್ಟಿಗೆ | ಸೋಮವಾರ

ನಾನೂ ಹಾಗೇ ಅಂದುಕೊಂಡು ಹೋದೆ ಸಾರ್. ಸುಮ್ನೆ ಮಗಳನ್ನು ಬಿಟ್ಟು ಬರೋಣ ಅಂತ.

ಸಿನಗಾಗ್ ಬಾಗಿಲಲ್ಲಿ ಪೊಲೀಸ್ ಕಾರು ನಿಂತಿತ್ತು. ಬ್ಯಾಗ್ ತೆಗೆದು ನೋಡಿದರು. ಬ್ರೆಡ್ ಮಾಡಲು ಬಂದವರ ಬ್ಯಾಗ್! 2018ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ ಒಬ್ಬ ಗುಂಡು ಹಾರಿಸಿ 11 ಜನರನ್ನು ಕೊಂದನಲ್ಲ, ಅದಾದ ಮೇಲೆ ಇದು ಮಾಮೂಲಿಯಂತೆ. ಮೈದಾ ಹಿಟ್ಟಿನ ಪೊಟ್ಟಣ ಹಿಡಿದು ಸಾಲಲ್ಲಿ ನಿಂತ ಅಜ್ಜಿ ಕೈ ಎತ್ತಿ ತಪಾಸಣೆ ಮಾಡಿಸಿಕೊಂಡು, ಪೊಲೀಸನಿಗೆ ಗುಡ್ ಈವನಿಂಗ್ ಹೇಳಿ ಒಳಗೆ ಹೋದರು. ನಾನು ಕಾರ್ ತಿರುಗಿಸಲಿಲ್ಲ.

ಒಳಗೆ ಉದ್ದ ಮೇಜು. ಶುಕ್ರವಾರ ಸಂಜೆ ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುರು. ಆ ಊಟಕ್ಕೆ ಹಲ್ಲಾ ಅನ್ನುವ ಬ್ರೆಡ್ ಬೇಕು. ಮೊಟ್ಟೆ ಹಾಕಿ ಕಲಸಿದ ಹಿಟ್ಟು, ಒಬ್ಬಟ್ಟಿನ ಕಣಕದ ಹಾಗೇ ಮೆತ್ತಗೆ, ಎಳೆದರೆ ಹಿಂದಕ್ಕೆ ಜಗ್ಗುತ್ತೆ. ಅದನ್ನು ಹಗ್ಗದ ಹಾಗೆ ಹೊಸೆದು ಜಡೆ ಹಾಕಬೇಕು. ಮೂರೆಳೆ ಜಡೆ ಯಾರಿಗೆ ಬರಲ್ಲ ಹೇಳಿ? ಎರಡು ನಿಮಿಷದಲ್ಲಿ ನನ್ನದು ಮುಗೀತು. ಪಕ್ಕದಲ್ಲಿದ್ದ ಅಜ್ಜಿ ನೋಡಿ ‘ಓಹೋ, ಹಾಗಾದರೆ ಆರೆಳೆ ಹಾಕು’ ಅಂದರು. ಅಲ್ಲಿ ಬಿದ್ದೆ. ಮೂರು ಸಲ ಬಿಚ್ಚಿದೆ.

ಹೊಸೆಯುವ ಮುಂಚೆ ಒಂದು ಕೆಲಸ ಮಾಡಿದರು. ಹಿಟ್ಟಿನಿಂದ ಆಲಿವ್ ಕಾಯಿಯಷ್ಟು ಕಿತ್ತು ಪಕ್ಕಕ್ಕಿಟ್ಟು, ಆಮೇಲೆ ಒಲೆಯಲ್ಲಿ ಕರಕಲು ಮಾಡಿದರು. ಹಿಂದೆ ಜೆರೂಸಲೆಮ್ ದೇವಾಲಯದ ಪುರೋಹಿತರಿಗೆ ಸಲ್ಲುತ್ತಿದ್ದ ಪಾಲು ಅದು. ಈಗ ದೇವಾಲಯ ಇಲ್ಲ, ಹಾಗಾಗಿ ಸುಡುತ್ತಾರೆ. ‘ಹಲ್ಲಾ’ ಅನ್ನುವ ಹೆಸರು ಮೊದಲು ಆ ತುಂಡಿನದು, ಬ್ರೆಡ್‌ಗೆ ಆಮೇಲೆ ಬಂತು. ನಮ್ಮಜ್ಜಿ ಮೊದಲ ದೋಸೆ ಹಸುವಿಗೆ ತೆಗೆದಿಡುತ್ತಿದ್ದರು. ನೆನಪಾಯ್ತು.

ನಾಟಕದಲ್ಲಿ ಸಬ್ಬತ್ ಊಟದ ದೃಶ್ಯ ಒಂದಿದೆ. ರಿಹರ್ಸಲ್‌ನಲ್ಲಿ ಮಕ್ಕಳು ಆ ಮೇಜಿನ ಸುತ್ತ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗೆ ನಿಂತಿರುತ್ತಿದ್ದರು. ಮರುವಾರ ಯಾರೂ ಹೇಳದೆ ಬ್ರೆಡ್ ಮೇಲಿನ ಬಟ್ಟೆ ಸರಿ ಮಾಡಿದರು. ಬ್ರೆಡ್ ಸುಟ್ಟಿದ್ದು ಅದಕ್ಕೆ ಸಾರ್.

ತೆರೆಮರೆ | ಸೋಮವಾರ

ಉಡುಪಿಯಿಂದ. ನಾಟಕದ ಹಿಂದೆ ಮೂವತ್ತು ವರ್ಷ ಲೈಟ್ ಹಿಡಿದವನು ನಾನು. ಅಕ್ಕ, ನೀವು ಸರಿಯಾದ ಊರಲ್ಲೇ ಇದ್ದೀರಿ, ಗೊತ್ತಾ? ಈ ನಾಟಕ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳಿರುವ ಬ್ರಾಡ್‌ವೇಗೆ ಹೋಗುವ ಮುಂಚೆ ಮೊದಲು ಜನರ ಮುಂದೆ ಬಂದಿದ್ದೇ ಡೆಟ್ರಾಯ್ಟ್‌ನ ಫಿಶರ್ ಥಿಯೇಟರಿನಲ್ಲಿ, 1964ರ ಬೇಸಿಗೆಯಲ್ಲಿ. ಆಗ ಡೆಟ್ರಾಯ್ಟ್‌ನ ಪತ್ರಿಕೆಗಳಲ್ಲಿ ಮುಷ್ಕರ. ಊರಿನ ಪೇಪರಿನಲ್ಲಿ ವಿಮರ್ಶೆಯೇ ಬರಲಿಲ್ಲ. ನಾಟಕ ಉದ್ದವೋ ಉದ್ದ. ದಿನಾ ಕತ್ತರಿಸುವುದು, ಬರೆಯುವುದು. ತೆವ್ಯೆ 25 ವರ್ಷದ ಸಂಸಾರ ಆದಮೇಲೆ ಹೆಂಡತಿಯನ್ನು ‘ನಿನಗೆ ನನ್ನ ಮೇಲೆ ಪ್ರೀತಿ ಇದೆಯಾ’ ಅಂತ ಕೇಳುವ ಹಾಡು ಇದೆಯಲ್ಲ, ಅದು ಹುಟ್ಟಿದ್ದು ನಿಮ್ಮ ಡೆಟ್ರಾಯ್ಟ್‌ನಲ್ಲೇ.

ಆಮೇಲೆ ವಾಷಿಂಗ್ಟನ್, ಆಮೇಲೆ ಸೆಪ್ಟೆಂಬರ್ 22ಕ್ಕೆ ನ್ಯೂಯಾರ್ಕ್. ಸಂಗೀತ ಜೆರ್ರಿ ಬಾಕ್, ಹಾಡು ಶೆಲ್ಡನ್ ಹಾರ್ನಿಕ್, ಮಾತು ಜೋಸೆಫ್ ಸ್ಟೈನ್, ನಿರ್ದೇಶನ ಜೆರೋಮ್ ರಾಬಿನ್ಸ್. 3,242 ಪ್ರದರ್ಶನ. ಬ್ರಾಡ್‌ವೇಯಲ್ಲಿ ಅಷ್ಟು ದಿನ ಓಡಿದ ನಾಟಕ ಅಲ್ಲಿವರೆಗೆ ಇರಲಿಲ್ಲ.

ರಾಬಿನ್ಸ್ ಮನುಷ್ಯ ಬಹಳ ಕಷ್ಟದವನು, ನಟರನ್ನು ಅಳಿಸುತ್ತಿದ್ದ ಅಂತಾರೆ. ಆದರೆ ಅಭ್ಯಾಸ ಮಾಡದೆ ಕೈ ಹಾಕುತ್ತಿರಲಿಲ್ಲ. ಸಂಪ್ರದಾಯಸ್ಥ ಯಹೂದಿಗಳ ಮದುವೆಗಳಿಗೆ ಹೋಗಿ ಕೂತು ನೋಡಿದ. ಅಲ್ಲಿ ಯಾರೋ ಒಬ್ಬರು ತಲೆ ಮೇಲೆ ಬಾಟಲಿ ಇಟ್ಟು ಕುಣಿದು ಜನರನ್ನು ನಗಿಸಿದರು. ಅದೇ ಮದುವೆ ದೃಶ್ಯದ ಬಾಟಲಿ ಕುಣಿತ ಆಯ್ತು. ಕಾಫಿಪುಡಿಯವರೇ, ನಾಟಕಕ್ಕೆ ಮುಂಚೆ ಬ್ರೆಡ್ ಸುಡುವ ಕೆಲಸವನ್ನ ಮೊದಲ ದಿನವೇ ನಿರ್ದೇಶಕ ಮಾಡಿದ್ದ, ನೋಡಿ.

ಕಾಫಿಪುಡಿ | ಸೋಮವಾರ

ಸೋತೆ ಗುರುಗಳೇ. ಇರಲಿ, ಆ 25 ವರ್ಷದ ಪ್ರಶ್ನೆಯನ್ನ ಈಗಷ್ಟೇ ನಮ್ಮನೆಯವಳಿಗೆ ಕೇಳಿದೆ. ‘ಗ್ಯಾಸ್ ಆಫ್ ಮಾಡಿದ್ರಾ?’ ಅಂದಳು.

ಹೊಲಿಗೆಪೆಟ್ಟಿಗೆ | ಸೋಮವಾರ

ಗೋಲ್ಡೆ ಹೇಳುವುದೂ ಹೆಚ್ಚುಕಮ್ಮಿ ಅದೇ!

ತೆರೆಮರೆ ಅಣ್ಣ, ಫಿಶರ್ ಅಂದಿರಲ್ಲ, ನಮ್ಮ ಹಿರಿಯರ ಸಂಜೆಯಲ್ಲಿ ಒಬ್ಬ ಅಜ್ಜಿ ಅದನ್ನೇ ಹೇಳಿದರು. ಹದಿನಾಲ್ಕು ವರ್ಷದವರಿದ್ದಾಗ ಅಪ್ಪನ ಜೊತೆ ಹೋಗಿದ್ದರಂತೆ. ‘ಪೇಪರ್ ಇರಲಿಲ್ಲ, ಚೆನ್ನಾಗಿದೆಯೋ ಇಲ್ಲವೋ ಗೊತ್ತಿಲ್ಲದೆ ಹೋದೆವು. ಕೊನೆಯಲ್ಲಿ ಅಪ್ಪ ಎದ್ದೇಳಲಿಲ್ಲ. ಅಳುತ್ತಿದ್ದಾರೆ ಅಂದುಕೊಂಡೆ. ನಿದ್ದೆ ಹೋಗಿದ್ದರು’ ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅದೇ ಸಂಜೆ ಸೋವಿಯತ್ ಕಾಲದಲ್ಲಿ ಬಂದ ಒಬ್ಬರೂ ಇದ್ದರು. ಎಂಜಿನಿಯರ್. ಯಾರೋ ‘ನಿಮ್ಮ ಹಳ್ಳಿ ಹೀಗೇ ಇತ್ತಾ?’ ಅಂತ ಕೇಳಿದರು. ಅವರು ಸ್ವಲ್ಪ ಸಿಟ್ಟಿನಿಂದಲೇ ಹೇಳಿದರು, ‘ನಾನು ಹಾಲಿನ ಗಾಡಿ ನೋಡಿಲ್ಲ. ಏಳನೇ ಮಹಡಿಯ ಫ್ಲಾಟಿನಲ್ಲಿ ಬೆಳೆದೆ. ದೇವರ ಹೆಸರು ಮನೆಯಲ್ಲಿ ಕೇಳಿರಲಿಲ್ಲ. ಪಾಸ್‌ಪೋರ್ಟಿನ ಐದನೇ ಸಾಲಲ್ಲಿ ಯಹೂದಿ ಅಂತ ಬರೆದಿತ್ತು, ನನ್ನ ಯಹೂದಿತನ ಅಷ್ಟೇ. ಕಾಲೇಜು ಸೀಟು ತಪ್ಪಲು ಅಷ್ಟು ಸಾಕಾಗಿತ್ತು.’ ಸೋವಿಯತ್ ಕಾಲದಲ್ಲಿ ಜನಾಂಗ ಬರೆಯುವ ಸಾಲಿಗೆ ‘ಐದನೇ ಸಾಲು’ ಅಂತಲೇ ಹೆಸರು. ನಾಟಕದ ಹಳ್ಳಿ ನನಗೆಷ್ಟು ದೂರವೋ ಅವರಿಗೂ ಅಷ್ಟೇ ದೂರ. ಇದು ನನಗೆ ಹೊಳೆದಿರಲಿಲ್ಲ.

ಮಲೆನಾಡ್ ಮಳೆ | ಮಂಗಳವಾರ

ಅಕ್ಕ, ಊಟ ತಿಂಡಿ ಏನಾದರೂ ನಮ್ಮ ಕಡೆಯಿಂದ ಕೊಟ್ಟಿರಾ? ಕನ್ನಡದವರು ಅಲ್ಲಿದ್ದರು ಅಂತ ಗೊತ್ತಾಗಬೇಕಲ್ಲ!

ಹೊಲಿಗೆಪೆಟ್ಟಿಗೆ | ಮಂಗಳವಾರ

ಯಾಕೆ ಕೇಳಿದಿರೋ! ಆಗಿದ್ದನ್ನ ಹೇಳಿಬಿಡುತ್ತೇನೆ.

ಮೂರನೇ ವಾರ ಪಾತ್ರಧಾರಿಗಳಿಗೆಲ್ಲ ಅಲ್ಲೇ ಊಟ. ನಾನು ಹಿಂದಿನ ರಾತ್ರಿ ಎರಡು ಗಂಟೆವರೆಗೆ ಕೂತು ಅರವತ್ತು ಒಬ್ಬಟ್ಟು ಮಾಡಿದೆ. ತೊಗರಿಬೇಳೆ, ಬೆಲ್ಲ, ಏಲಕ್ಕಿ, ಮೇಲೆ ತುಪ್ಪ. ಸಸ್ಯಾಹಾರ ತಾನೇ, ಯಾರಿಗೂ ತೊಂದರೆ ಇಲ್ಲ ಅನ್ನುವ ಧೈರ್ಯ. ಡಬ್ಬಿ ಹಿಡಿದು ಅಡುಗೆಮನೆ ಬಾಗಿಲಿಗೆ ಹೋದೆ. ಅಲ್ಲಿದ್ದವರು ತುಂಬಾ ವಿನಯದಿಂದ ಅಡ್ಡ ನಿಂತರು. ಹೊರಗೆ ಮಾಡಿದ ಅಡುಗೆ ಒಳಗೆ ಬರುವ ಹಾಗಿಲ್ಲ. ಕೋಷರ್, ಅಂದರೆ ಅವರ ಊಟದ ಕಟ್ಟಳೆ, ಮಾಂಸ ಇದೆಯೋ ಇಲ್ಲವೋ ಅನ್ನುವುದಷ್ಟೇ ಅಲ್ಲ, ಪಾತ್ರೆ, ಒಲೆ, ಸೌಟು ಎಲ್ಲ ಲೆಕ್ಕಕ್ಕೆ ಬರುತ್ತೆ. ಇನ್ನೊಂದು ಏಟು, ಅವತ್ತಿನ ಊಟ ಕೋಳಿ ಸಾರು. ಮಾಂಸದ ಊಟದ ಜೊತೆ ಹಾಲಿನ ಪದಾರ್ಥ ಇಲ್ಲ. ನನ್ನ ಒಬ್ಬಟ್ಟಿನಲ್ಲಿ ತುಪ್ಪ ಸುರೀತಾ ಇದೆ!

ಮುಖ ಸಣ್ಣದಾಯ್ತು, ಸುಳ್ಳು ಹೇಳಲ್ಲ. ಕಾರಲ್ಲಿ ಹೋಗಿ ಕೂತೆ. ಆಮೇಲೆ ಮಗಳ ಗೆಳತಿಯರು ಬಂದು ಬಾನೆಟ್ ಮೇಲೆ ಡಬ್ಬಿ ಇಟ್ಟು ತಿನ್ನಲು ಶುರು ಮಾಡಿದರು. ದರ್ಜಿ ಪಾತ್ರದ ಹುಡುಗ ಐದು ತಿಂದ. ಅಲ್ಲಿನ ಧರ್ಮಗುರು ರಬ್ಬಿ ಹೊರಗೆ ಬಂದರು. ತಿನ್ನಲಿಲ್ಲ. ಆದರೆ ಹೋಗಲೂ ಇಲ್ಲ. ಚಳಿಯಲ್ಲಿ ನಮ್ಮ ಜೊತೆ ನಿಂತು ‘ಇದು ಏಲಕ್ಕಿ ವಾಸನೆ ಅಲ್ವಾ?’ ಅಂದರು. ಮರುದಿನ ಅವರಿಂದ ಮೆಸೇಜ್. ನಮ್ಮ ಅಡುಗೆಮನೆಗೆ ಬನ್ನಿ, ನಮ್ಮ ಪಾತ್ರೆಯಲ್ಲಿ ಮಾಡಿ, ತುಪ್ಪದ ಬದಲು ಎಣ್ಣೆ ಹಾಕಿ, ಆಗ ಎಲ್ಲರೂ ತಿನ್ನಬಹುದು.

ಹೋದೆ. ಅಲ್ಲಿ ಮೇಲ್ವಿಚಾರಣೆಗೆ ಒಬ್ಬರಿರುತ್ತಾರೆ, ಮಶ್ಗಿಯಾಖ್ ಅಂತ. ನನ್ನ ಬೇಳೆ ಪೊಟ್ಟಣದ ಮೇಲಿನ ಗುರುತು ನೋಡಿದರು. ಆಮೇಲೆ ಬೇಳೆಯನ್ನು ಬಿಳಿ ತಟ್ಟೆಗೆ ಸುರಿದು ಬೆರಳಲ್ಲಿ ಸರಿಸಿ ಸರಿಸಿ ಹುಳ ಇದೆಯಾ ಅಂತ ಹುಡುಕಿದರು. ಹುಳ ತಿನ್ನುವುದು ಅವರಲ್ಲಿ ನಿಷಿದ್ಧ. ಮೊರದ ಮುಂದೆ ಕನ್ನಡಕ ಏರಿಸಿಕೊಂಡು ಕೂರುವ ನಮ್ಮತ್ತೆಯೇ ಕಣ್ಣ ಮುಂದೆ ಬಂದರು. ಒಲೆ ಹಚ್ಚಿದ್ದು ಅವರು. ತಟ್ಟಿದ್ದು ನಾನು. ನಾಲ್ಕು ಅಜ್ಜಿಯರು ಸುತ್ತ ನಿಂತು ಹೂರಣ ತುಂಬಿದರು. ಎರಡು ಒಡೆದವು, ಉಳಿದವು ಚೆನ್ನಾಗಿ ಬಂದವು.

ಕಾಫಿಪುಡಿ | ಮಂಗಳವಾರ

ಎಲ್ಲ ಸರಿ, ತುಪ್ಪ ಇಲ್ಲದ ಒಬ್ಬಟ್ಟು ಒಬ್ಬಟ್ಟಾ?

ಮಲೆನಾಡ್ ಮಳೆ | ಮಂಗಳವಾರ

ಹೋಳಿಗೆ ಅನ್ನಿ ಸಾರ್ ಮೊದಲು.

ಇದು ನಮ್ಮ ಮಡಿ, ಮುಸುರೆ ಇದ್ದ ಹಾಗೇ ಇದೆಯಲ್ಲ ಅಕ್ಕ. ನಮ್ಮಜ್ಜಿಯ ಒಲೆ ಹತ್ತಿರ ಹೋಗಲೂ ನಮಗೆ ಭಯ. ಅನ್ನದ ಸೌಟು ಮೊಸರಿಗೆ ತಗುಲಿದರೆ ರಂಪ.

ಬೆಳದಿಂಗಳು | ಮಂಗಳವಾರ

ನಿಲ್ಲಿ ನಿಲ್ಲಿ. ಮಡಿ ಅಂದರೆ ಸುಮ್ನೆ ಪಾತ್ರೆ ವಿಚಾರ ಅಲ್ಲ. ಯಾರು ಒಳಗೆ ಬರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಅನ್ನುವ ವಿಚಾರ. ನಮ್ಮಪ್ಪ ಅಂಗಳದಲ್ಲಿ ನಿಂತವರು. ಕೈಗೆ ತಾಗದ ಹಾಗೆ ಮೇಲಿಂದ ನೀರು ಹುಯ್ಯುತ್ತಿದ್ದರು. ಒಬ್ಬಟ್ಟು ಮಾಡಲು ಅಡುಗೆಮನೆ ಒಳಗೇ ಕರೆದವರನ್ನ ಅದಕ್ಕೆ ಹೋಲಿಸಬೇಡಿ.

ಎಡಿಸನ್ ಎಕ್ಸ್‌ಪ್ರೆಸ್ | ಮಂಗಳವಾರ

ನ್ಯೂಜೆರ್ಸಿಯಿಂದ. ಬೆಳದಿಂಗಳು ಹೇಳಿದ್ದು ಮುಖ್ಯವಾದ ಮಾತು. ಆದರೆ ಪೂರ್ತಿ ಚಿತ್ರ ಅಷ್ಟು ಸಲೀಸಲ್ಲ. ಒಲೆ ಹಚ್ಚಿದ್ದು ಅವರೇ ಅಂತ ಅಕ್ಕ ಬರೆದರಲ್ಲ, ಅದಕ್ಕೂ ಕಾರಣ ಇದೆ. ಯಹೂದಿ ಅಲ್ಲದವರು ಪೂರ್ತಿ ತಾವೇ ಬೇಯಿಸಿದ ಕೆಲವು ಅಡುಗೆ ತಿನ್ನಬಾರದು ಅಂತ ಅವರ ಹಳೇ ಕಟ್ಟಳೆ. ಹೊರಗಿನವರ ಜೊತೆ ಹೆಚ್ಚು ಬೆರೆತು ಮದುವೆ ಸಂಬಂಧ ಬೆಳೆಯಬಾರದು ಅನ್ನುವುದು ಅದರ ಹಿಂದಿನ ಕಾರಣ. ಬೆಂಕಿ ಹಚ್ಚುವುದರಲ್ಲಿ ಯಹೂದಿ ಒಬ್ಬರ ಕೈ ಇದ್ದರೆ ಸಾಕು ಅಂತ ದಾರಿ ಮಾಡಿಕೊಂಡಿದ್ದಾರೆ. ಮೂರನೇ ಮಗಳು ಹಾವಾ ರಷ್ಯನ್ ಹುಡುಗನ ಜೊತೆ ಹೋದಾಗ ತೆವ್ಯೆ ಅವಳನ್ನು ಸತ್ತಳು ಅಂದುಕೊಳ್ಳಿ ಅನ್ನುತ್ತಾನಲ್ಲ, ಅದು ಇದೇ ಬೇಲಿ. ಆದರೆ ಇವರು ಊರಿಗೆ ಯಜಮಾನರಾಗಿ ಹಾಕಿದ ಬೇಲಿ ಅಲ್ಲ, ಇನ್ನೊಬ್ಬರ ಊರಲ್ಲಿ ಅಳಿದುಹೋಗದೆ ಉಳಿಯಲು ಹಾಕಿದ್ದು. ವ್ಯತ್ಯಾಸ ಅಲ್ಲಿದೆ ಅಂತ ನನ್ನ ಲೆಕ್ಕ.

ಬೆಳದಿಂಗಳು | ಮಂಗಳವಾರ

ಒಪ್ಪಿದೆ. ಬೇಲಿ ಒಳಗಿನ ಮಗಳಿಗೆ ಮಾತ್ರ ಆ ವ್ಯತ್ಯಾಸ ಗೊತ್ತಾಗಿರಲ್ಲ.

ಎಡಿಸನ್ ಎಕ್ಸ್‌ಪ್ರೆಸ್ | ಬುಧವಾರ

ಅದೂ ನಿಜ.

ಇನ್ನೊಂದು ಹೇಳಬೇಕು. 2018ರಲ್ಲಿ ನ್ಯೂಯಾರ್ಕ್‌ನಲ್ಲಿ ಇದೇ ನಾಟಕ ಯಿಡ್ಡಿಷ್‌ನಲ್ಲಿ ಬಂತು. ನ್ಯಾಷನಲ್ ಯಿಡ್ಡಿಷ್ ಥಿಯೇಟರ್ ಫೋಕ್ಸ್‌ಬೀನೆ ಆಡಿದ್ದು, ಜೋಯೆಲ್ ಗ್ರೇ ನಿರ್ದೇಶನ. ಯಿಡ್ಡಿಷ್ ಅಂದರೆ ಜರ್ಮನ್‌ಗೆ ಹತ್ತಿರದ ಭಾಷೆ, ಬರೆಯುವುದು ಹೀಬ್ರೂ ಅಕ್ಷರದಲ್ಲಿ. ತೆವ್ಯೆ ನಿಜಕ್ಕೂ ಇದ್ದಿದ್ದರೆ ಅದನ್ನೇ ಆಡುತ್ತಿದ್ದ. ‘ನಾನು ಸಾಹುಕಾರ ಆಗಿದ್ದಿದ್ದರೆ’ ಅನ್ನುವ ಹಾಡು ಅಲ್ಲಿ ‘ನಾನು ರಾತ್‌ಷೀಲ್ಡ್ ಆಗಿದ್ದಿದ್ದರೆ’ ಆಗಿತ್ತು. ರಾತ್‌ಷೀಲ್ಡ್ ಅಂದರೆ ಭಾರೀ ಸಾಹುಕಾರ ಯಹೂದಿ ಬ್ಯಾಂಕರ್ ಮನೆತನ. ಹಿಂದೆ ಒಂದು ದೊಡ್ಡ ಕಾಗದದ ತೆರೆ, ಅದರ ಮೇಲೆ ‘ತೋರಾ’, ಅಂದರೆ ಅವರ ಧರ್ಮಗ್ರಂಥ, ಅನ್ನುವ ಒಂದೇ ಪದ. ಮದುವೆ ಮನೆಗೆ ಪುಂಡರು ನುಗ್ಗಿದಾಗ ಅದನ್ನು ಹರಿಯುತ್ತಾರೆ. ಮುಂದಿನ ಅಂಕದಲ್ಲಿ ಅದೇ ಕಾಗದ ಹೊಲಿಗೆ ಹಾಕಿ ನಿಲ್ಲಿಸಿರುತ್ತಾರೆ. ಹೊಲಿಗೆ ಎದ್ದು ಕಾಣುತ್ತೆ. ಹೊಲಿಗೆಪೆಟ್ಟಿಗೆ ಅಕ್ಕನಿಗೆ ಇದು ಇಷ್ಟ ಆಗಬಹುದು.

ಕುಡ್ಲದವ | ಬುಧವಾರ

ಎಂಥ ಮಾರಾಯ್ರೇ, ಯಹೂದಿ ಅಂದ ಕೂಡಲೇ ರಷ್ಯಾ, ಅಮೆರಿಕಾ ಅಂತೀರಿ. ನಮ್ಮ ಮಂಗಳೂರಿನಲ್ಲಿ ಹನ್ನೆರಡನೇ ಶತಮಾನದಲ್ಲೇ ಒಬ್ಬರಿದ್ದರು. ಅಬ್ರಹಾಂ ಬೆನ್ ಯಿಜು. ಟುನೀಶಿಯಾ ಕಡೆಯ ವ್ಯಾಪಾರಿ. ಇಲ್ಲಿ ಕಂಚಿನ ಪಾತ್ರೆ ಕಾರ್ಖಾನೆ ಇಟ್ಟಿದ್ದರು, ಇಲ್ಲಿಯ ಹೆಂಗಸನ್ನೇ ಮದುವೆ ಆದರು. ಅವರ ಕೆಲಸದವ ಬೊಮ್ಮ ಏಡನ್‌ವರೆಗೆ ವ್ಯಾಪಾರಕ್ಕೆ ಹೋಗಿಬರುತ್ತಿದ್ದ. ಎಲ್ಲ ಕೈರೋದ ಹಳೇ ಸಿನಗಾಗ್‌ನಲ್ಲಿ ಸಿಕ್ಕಿದ ಕಾಗದಪತ್ರದಲ್ಲಿ ಉಂಟು. ಬೊಮ್ಮ ಅಂದ ಮೇಲೆ ನಮ್ಮ ಕಡೆಯವನೇ ಅಲ್ವಾ?

ಗಡಿನಾಡು | ಬುಧವಾರ

ಎಲ್ಲ ಚಂದ ಬರೀತಿದ್ದೀರಿ. ಈ ಆರು ವಾರದಲ್ಲಿ ಗಾಜಾ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ವಾ?

ಹೊಲಿಗೆಪೆಟ್ಟಿಗೆ | ಬುಧವಾರ

ಬಿಟ್ಟರು. ಲೈಬ್ರರಿಯ ಸಂವಾದದಲ್ಲಿ. ಪಾತ್ರ ಮಾಡುವ ಯಹೂದಿ ಹುಡುಗಿಯೇ ಎದ್ದು, ‘ಕೊನೆಯ ದೃಶ್ಯದಲ್ಲಿ ಗಂಟುಮೂಟೆ ಹೊತ್ತು ನಡೆಯುವಾಗ ಅಲ್ಲಿ ಮನೆ ಬಿಟ್ಟು ನಡೆಯುವವರೇ ಕಣ್ಣಿಗೆ ಬರುತ್ತಾರೆ’ ಅಂದಳು. ಹಿಂದಿನ ಸಾಲಿನ ಒಬ್ಬ ಹಿರಿಯರು ‘ನಮ್ಮ ಕಡೆ ಸತ್ತವರು, ಒತ್ತೆಯಾಳು ಆದವರು ಬರಲ್ವಾ?’ ಅಂತ ಕೂಗಿದರು. ಹತ್ತು ನಿಮಿಷ ಗಲಾಟೆ. ಇಬ್ಬರು ಎದ್ದು ಹೋದರು. ಆ ಹುಡುಗಿ, ಆ ಹಿರಿಯರು ಮುಂದಿನ ವಾರವೂ ಬಂದಿದ್ದರು. ಬೇರೆ ಬೇರೆ ಮೂಲೆಯಲ್ಲಿ ಕೂತರು. ನಾನು ನೋಡಿದ್ದು ಇಷ್ಟೇ.

ನಿರ್ವಾಹಕ | ಬುಧವಾರ

ಈ ವಿಷಯಕ್ಕೆ ಬೇರೆ ಎಳೆ ಇದೆ, ಚರ್ಚೆ ಅಲ್ಲಿ ಮುಂದುವರಿಸಿ. ಇಲ್ಲಿ ನಾಟಕ.

ಹಳೇಚಾಳಿ | ಗುರುವಾರ

ಸರಿ, ನಾಟಕಕ್ಕೇ ಬರುತ್ತೇನೆ. ಇದನ್ನ ಕನ್ನಡಕ್ಕೆ ಇಳಿಸಬಾರದೇಕೆ? ತೆವ್ಯೆ ಬದಲು ಮಂಡ್ಯದ ಹಾಲಿನ ಗೌಡ್ರು. ಡೈರಿ, ಮೂರು ಹೆಣ್ಣುಮಕ್ಕಳು, ಒಬ್ಬಳು ಬೇರೆ ಜಾತಿ ಹುಡುಗನ ಜೊತೆ. ಬರೆದಿಟ್ಟ ಹಾಗಿದೆ!

ತೆರೆಮರೆ | ಗುರುವಾರ

ಎಲ್ಲರಿಗೂ ಹಾಗೇ ಅನಿಸುತ್ತೆ. 1967ರಲ್ಲಿ ಟೋಕಿಯೋದಲ್ಲಿ ಆಡಿದಾಗ ಅಲ್ಲಿನ ನಿರ್ಮಾಪಕ, ‘ಇದು ಇಷ್ಟು ಜಪಾನೀ ನಾಟಕ, ಅಮೆರಿಕದವರಿಗೆ ಅರ್ಥ ಆಗುತ್ತಾ?’ ಅಂತ ಕೇಳಿದ್ದರಂತೆ. ಮಾತು ಬರೆದ ಸ್ಟೈನ್ ಇದನ್ನ ಹೇಳಿ ನಗಿಸುತ್ತಿದ್ದರು. 1969ರಲ್ಲಿ ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್‌ನ ಒಂದು ಶಾಲೆಯಲ್ಲಿ ಕಪ್ಪು ಮತ್ತು ಪೋರ್ಟೊರಿಕನ್ ಮಕ್ಕಳು ಇದನ್ನ ಆಡಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಆ ಬಡಾವಣೆಯ ಕಪ್ಪು ಜನರಿಗೂ ಹೆಚ್ಚಾಗಿ ಯಹೂದಿಗಳೇ ಇದ್ದ ಶಿಕ್ಷಕರ ಸಂಘಕ್ಕೂ ದೊಡ್ಡ ಜಗಳ ಆಗಿ ಮುಷ್ಕರ ನಡೆದಿತ್ತು. ಈ ಮಕ್ಕಳು ಈ ನಾಟಕ ಆಡಬಹುದಾ ಅಂತ ದೊಡ್ಡವರು ಕಿತ್ತಾಡಿದರು. ಮಕ್ಕಳು ಆಡಿದರು.

ಆದರೆ ಹಳೇಚಾಳಿಯವರೇ, ಸುಮ್ನೆ ಇಳಿಸುವ ಹಾಗಿಲ್ಲ. ಇದರ ಹಕ್ಕು ನೋಡಿಕೊಳ್ಳುವುದು ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್. ದುಡ್ಡು ಕಟ್ಟಿ ಅನುಮತಿ ತೆಗೆದುಕೊಳ್ಳಬೇಕು, ಒಂದು ಮಾತು ಬದಲಿಸಲೂ ಕೇಳಬೇಕು. ಅನುವಾದ ಅಂದರೆ ಇನ್ನೂ ದೂರದ ಮಾತು. ಮೂಲ ಕಥೆಗಳಿಗೆ ಆ ತಾಪತ್ರಯ ಇಲ್ಲ. ಅವು ಯಿಡ್ಡಿಷ್ ಕಥೆಗಾರ ಶೋಲೆಮ್ ಅಲೈಖೆಮ್ ಅವರವು. ಅವರು ತೀರಿಕೊಂಡಿದ್ದು 1916ರಲ್ಲಿ, ನ್ಯೂಯಾರ್ಕಿನಲ್ಲಿ. ಲಕ್ಷಕ್ಕೂ ಹೆಚ್ಚು ಜನ ಮೆರವಣಿಗೆಯಲ್ಲಿ ಬಂದಿದ್ದರು. ಹೆಸರೇ ಒಂದು ನಮಸ್ಕಾರ ನೋಡಿ, ‘ನಿಮಗೆ ಶಾಂತಿ ಇರಲಿ’ ಅಂತ.

ಆ ಕಥೆಗಳು ನಾಟಕಕ್ಕಿಂತ ಕಹಿ. ಗೋಲ್ಡೆ ಸಾಯುತ್ತಾಳೆ. ಇನ್ನೊಬ್ಬ ಮಗಳು ಶ್ಪ್ರಿಂಟ್ಸೆ ನೀರಿಗೆ ಬೀಳುತ್ತಾಳೆ. ದರ್ಜಿ ಅಳಿಯನೂ ಹೋಗುತ್ತಾನೆ. ಬ್ರಾಡ್‌ವೇಯವರು ಬೆಲ್ಲ ಸವರಿದರು ಅಂತ ಯಹೂದಿ ವಿಮರ್ಶಕರಲ್ಲೇ ಕೆಲವರು ಆಗಲೇ ಬೈದಿದ್ದರು. ಅದರಲ್ಲಿ ನ್ಯಾಯ ಇದೆ. ಗೌಡ್ರನ್ನು ತರಬೇಕು ಅಂದರೆ ಅಲ್ಲಿಂದ ತನ್ನಿ. ಆದರೆ ಒಂದು ಮಾತು. ಮಂಡ್ಯದ ಗೌಡ್ರಿಗೆ ಮೂರು ದಿನದಲ್ಲಿ ಊರು ಬಿಡಿ ಅಂತ ಯಾರೂ ಹೇಳಿರಲಿಲ್ಲ. ಆ ಭಾಗ ಬಿಟ್ಟರೆ ಉಳಿಯುವುದು ಮದುವೆ ಗಲಾಟೆ ಮಾತ್ರ.

ಬೆಳದಿಂಗಳು | ಗುರುವಾರ

ಅಣೆಕಟ್ಟೆಗೆ ಮುಳುಗಿದ ಊರುಗಳಿಗೆ ಹೇಳಿದ್ದರು.

ತೆರೆಮರೆ | ಗುರುವಾರ

...ಹೌದು. ಸರಿ ಹೇಳಿದಿರಿ. ಶರಾವತಿ ಹಿನ್ನೀರಿನ ಪಕ್ಕದಲ್ಲೇ ಹತ್ತು ವರ್ಷ ಇದ್ದು ನನಗೆ ಹೊಳೆಯಲಿಲ್ಲ. ಇದರ ಮೇಲೆ ಬೇರೆ ಎಳೆ ಶುರು ಮಾಡಿ, ನಾನು ಬರುತ್ತೇನೆ.

ಎಡಿಸನ್ ಎಕ್ಸ್‌ಪ್ರೆಸ್ | ಗುರುವಾರ

ಅಲೈಖೆಮ್ ಉಯಿಲಿನಲ್ಲಿ ಬರೆದಿದ್ದು ಗೊತ್ತಾ? ನನ್ನ ತಿಥಿಯ ದಿನ ಸೇರಿ, ನನ್ನ ಕಥೆಗಳಲ್ಲಿ ಚೆನ್ನಾಗಿ ನಗಿಸುವುದೊಂದನ್ನು ಆರಿಸಿ ಗಟ್ಟಿಯಾಗಿ ಓದಿ, ನಿಮಗೆ ಚೆನ್ನಾಗಿ ಅರ್ಥ ಆಗುವ ಭಾಷೆಯಲ್ಲಿ ಓದಿ, ಅಂತ. ಮನೆಯವರು ನ್ಯೂಯಾರ್ಕಿನಲ್ಲಿ ಇದನ್ನ ನಡೆಸಿಕೊಂಡು ಬಂದಿದ್ದಾರೆ. ಅಕ್ಕ, ನಿಮ್ಮ ಕೂಟಕ್ಕೆ ಇದಕ್ಕಿಂತ ಸಲೀಸಾದ ಕಾರ್ಯಕ್ರಮ ಬೇಕಾ? ಒಂದು ಕಥೆ, ಒಬ್ಬರು ಓದುವವರು, ಕಾಫಿ.

ಹೊಲಿಗೆಪೆಟ್ಟಿಗೆ | ಮುಂದಿನ ಭಾನುವಾರ

ನಾಟಕ ಶುರುವಾಯ್ತು! ಎರಡು ಪ್ರದರ್ಶನ ಮುಗೀತು, ಮುಂದಿನ ವಾರ ಮೂರಿದೆ.

ಶುಕ್ರವಾರ ಸಂಜೆ ಆಟ ಇಡಲಿಲ್ಲ. ಸಬ್ಬತ್ ಪಾಲಿಸುವವರು ಬರಲು ಆಗಲ್ಲವಲ್ಲ. ಶನಿವಾರ ಕತ್ತಲಾದ ಮೇಲೆ ಎಂಟಕ್ಕೆ, ಭಾನುವಾರ ಮಧ್ಯಾಹ್ನ ಎರಡಕ್ಕೆ. ಕಷ್ಟ ಬಂದಿದ್ದು ನನಗೆ. ಶನಿವಾರವೇ ನಮ್ಮ ಕೂಟದ ರಾಜ್ಯೋತ್ಸವ. ಐದಕ್ಕೆ ನಾಡಗೀತೆಗೆ ನಿಂತು, ಆರೂವರೆಗೆ ಸೀರೆಯಲ್ಲೇ ಗ್ರೀನ್ ರೂಮಿಗೆ ಓಡಿದೆ. ಹಳದಿ ಕೆಂಪು ಸೀರೆ. ಚಪ್ಪರದ ಬಟ್ಟೆ ಹೊಲಿಗೆ ಬಿಚ್ಚಿತ್ತು, ಅಲ್ಲೇ ಕೂತು ಹಾಕಿದೆ.

ಬಾಟಲಿ ಕುಣಿತದವರು ನಾಲ್ಕು ಜನ. ಮೂವರು ಹೈಸ್ಕೂಲ್ ಹುಡುಗರು, ಒಬ್ಬರು ಐವತ್ತೊಂದು ವರ್ಷದ ಪೋಸ್ಟ್‌ಮ್ಯಾನ್. ಬಾಟಲಿಗೆ ಅಂಟು ಗಿಂಟು ಏನೂ ಇಲ್ಲ, ಟೋಪಿ ಮೇಲೆ ಹಾಗೇ ನಿಲ್ಲಬೇಕು. ಬಿದ್ದರೆ ಆ ಮನುಷ್ಯ ನಗುತ್ತಾ ಪಕ್ಕಕ್ಕೆ ಹೋಗಿ ಚಪ್ಪಾಳೆ ತಟ್ಟಬೇಕು, ಅದು ನಮ್ಮ ತಂಡದ ನಿಯಮ. ಶನಿವಾರ ಮೊಣಕಾಲಲ್ಲಿ ಜಾರುವಾಗ ಒಬ್ಬ ಹುಡುಗನದು ಬಿತ್ತು. ಪೋಸ್ಟ್‌ಮ್ಯಾನ್‌ದು ಬೀಳಲಿಲ್ಲ. ಅವರ ಕುತ್ತಿಗೆಯ ನರ ಎದ್ದು ನಿಂತಿದ್ದು ಪಕ್ಕದ ಪರದೆಯಿಂದ ನನಗೆ ಕಾಣುತ್ತಿತ್ತು. ಹಾರ್ಮೋನಿಯಂ ನುಡಿಸುವ ನಮ್ಮ ಕೂಟದವರು ಒಬ್ಬರು ನೋಡಲು ಬಂದಿದ್ದರು. ‘ಕರಗ ಹೊರೋರನ್ನ ಕರೆಸಬೇಕಿತ್ತು’ ಅಂದರು. ಕರಗ ಬೀಳುವ ಹಾಗಿಲ್ಲ ಸಾರ್, ಬಾಟಲಿ ಬೀಳಬಹುದು ಅಂದೆ.

ಎರಡನೇ ಅಂಕದಲ್ಲಿ ಬಡ ದರ್ಜಿ ಮೋಟೆಲ್‌ಗೆ ಕೊನೆಗೂ ಹೊಲಿಗೆ ಮೆಷಿನ್ ಬರುತ್ತೆ. ಇಡೀ ಊರು ನೋಡಲು ಬರುತ್ತೆ. ನಮಗೆ ಸಿಕ್ಕಿದ್ದು ಹಳೇ ಸಿಂಗರ್, ಕಪ್ಪು ಮೈ, ಚಿನ್ನದ ಬಣ್ಣದ ಅಕ್ಷರ. ತುಮಕೂರಲ್ಲಿ ನಮ್ಮಮ್ಮನ ಮೆಷಿನ್ ಇದೇ. ರಿಹರ್ಸಲ್‌ನಲ್ಲಿ ಆ ಹುಡುಗ ಸುಮ್ನೆ ಚಕ್ರ ತಿರುಗಿಸುತ್ತಿದ್ದ. ದಾರ ಹಾಕುವುದು, ಬಾಬಿನ್ ಕೂರಿಸುವುದು ಕಲಿಸಿದೆ. ಈಗ ವೇದಿಕೆ ಮೇಲೆ ನಿಜವಾಗಿ ನಾಲ್ಕು ಹೊಲಿಗೆ ಹಾಕುತ್ತಾನೆ. ಪ್ರೇಕ್ಷಕರಿಗೆ ಕಾಣಲ್ಲ. ಸದ್ದು ಮಾತ್ರ ಕೇಳುತ್ತೆ.

ಇನ್ನೊಂದು ಮರೆತಿದ್ದೆ. ತೆವ್ಯೆಯ ಮನೆ ಬಾಗಿಲ ಚೌಕಟ್ಟಿನಲ್ಲಿ ಸಣ್ಣ ಕೊಳವೆ ಹೊಡೆದಿದ್ದಾರೆ. ಮೆಜೂಜಾ ಅಂತ. ನಿಜವಾದದ್ದರಲ್ಲಿ ಕೈಬರಹದ ಚರ್ಮದ ಸುರುಳಿ ಇರುತ್ತೆ. ನಾಟಕಕ್ಕೆ ಖಾಲಿ ಕೊಳವೆ ಸಾಕು ಅಂತ ರಬ್ಬಿಯೇ ಕೊಟ್ಟರು. ಒಳಗೆ ಹೋಗುವಾಗ ಬರುವಾಗ ಮುಟ್ಟಿ ಬೆರಳಿಗೆ ಮುತ್ತಿಡಬೇಕು. ಎಂಟು ವಾರದ ಅಭ್ಯಾಸ. ಈಗ ಮಗಳು ನಮ್ಮ ಮನೆ ಬಾಗಿಲಲ್ಲೂ ಕೈ ಎತ್ತುತ್ತಾಳೆ. ಅಲ್ಲಿರುವುದು ಇಂಡಿಯನ್ ಅಂಗಡಿಯಿಂದ ತಂದ ಪ್ಲಾಸ್ಟಿಕ್ ತೋರಣ.

ಕೂಟದ ವಿಷಯ. ಕಾರ್ಯದರ್ಶಿಗೆ ಫೋನ್ ಮಾಡಿದೆ. ‘ಆರು ವಾರಾನಾ? ಆರು ದಿನಕ್ಕೇ ಜನ ಬರಲ್ಲ’ ಅಂದರು. ಕೊನೆಗೆ ಒಂದು ಸಂಜೆಗೆ ಒಪ್ಪಿದರು, ಜನವರಿಯಲ್ಲಿ, ಲೈಬ್ರರಿಯಲ್ಲಿ. ಅಲೈಖೆಮ್ ಅವರ ತೆವ್ಯೆ ಕಥೆ ಒಂದನ್ನ ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುತ್ತಿದ್ದೇನೆ. ತೆವ್ಯೆ ಬೈಬಲ್ ಮಾತನ್ನು ತಪ್ಪು ತಪ್ಪಾಗಿ ಹೇಳುವಲ್ಲಿ ಸಿಕ್ಕಿಬಿದ್ದಿದ್ದೇನೆ. ನಮ್ಮ ಗಾದೆಯನ್ನೇ ಉಲ್ಟಾ ಮಾಡಬಹುದಾ ತೆರೆಮರೆ ಅಣ್ಣ? ಕರಡು ಕಳಿಸುತ್ತೇನೆ, ಬೈಯದೆ ನೋಡಿ.

ಡೆಟ್ರಾಯ್ಟ್ ಕಡೆಯವರು ಯಾರಾದರೂ ಇದ್ದರೆ, ಮುಂದಿನ ಭಾನುವಾರ ಕೊನೆಯ ಆಟ ಮುಗಿದ ಕೂಡಲೇ ಸೆಟ್ ಬಿಚ್ಚುವುದಿದೆ. ಡ್ರಿಲ್ ಇದ್ದವರು ತನ್ನಿ. ಒಬ್ಬಟ್ಟು ಇರುತ್ತೆ, ಎಣ್ಣೆಯದು.

ಕಾಫಿಪುಡಿ | ಭಾನುವಾರ

ಡ್ರಿಲ್ ಇದೆ, ಟೊಲೀಡೊದಿಂದ ಒಂದು ಗಂಟೆ ದಾರಿ. ಬರುತ್ತೇನೆ. ತುಪ್ಪ ನಾನೇ ತರುತ್ತೇನೆ, ಕಾರಲ್ಲೇ ಕೂತು ತಿನ್ನುತ್ತೇನೆ.